ಹೆಸರಲ್ಲಿ ವಸಂತ, ಲಾರಿಗೆ ಚಳಿಗಾಲ

ತುಮಕೂರಿನಿಂದ ಶಿರಾ ಕಡೆ ಹೆದ್ದಾರಿ 48ರಲ್ಲಿ ಹೊರಟರೆ ವಸಂತನರಸಾಪುರ. 2014ರ ಸೆಪ್ಟೆಂಬರ್ 24ರಂದು ಪ್ರಧಾನಿ ಮೋದಿ ಉದ್ಘಾಟಿಸಿದ ಫುಡ್ ಪಾರ್ಕ್ ಇರೋದು ಇಲ್ಲೇ. ಕೈಗಾರಿಕಾ ಪ್ರದೇಶದಲ್ಲಿ ರಸ್ತೆ ಅಗಲ, ನೆರಳು ಕಮ್ಮಿ, ಲಾರಿ ಜಾಸ್ತಿ. ಡಿಸೆಂಬರ್ ಚಳಿಗೆ ಒಂದು ಸ್ವೆಟರ್, ಒಂದು ಬಿಸಿ ಟೀ ಸಾಕು.

ಹಾಗಾಗಿ ರೇಡಿಯೇಟರ್‌ಗೆ ಬರೀ ನಲ್ಲಿ ನೀರು ಸುರಿದರೂ ಇಲ್ಲಿ ಗಾಡಿ ಓಡುತ್ತೆ, ಒಳಗೆ ಉಪ್ಪು ಕಟ್ಟುತ್ತೆ ಅಷ್ಟೇ. ಅದೇ ಗಾಡಿ ಜನವರಿಯಲ್ಲಿ ಕಾಶ್ಮೀರಕ್ಕೆ ಲೋಡ್ ಹಿಡಿದರೆ ಕಥೆನೇ ಬೇರೆ. ನೀರು ಮಂಜುಗಡ್ಡೆ ಆದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತೆ. ಎಂಜಿನ್ ಬ್ಲಾಕ್ ಒಂದೇ ರಾತ್ರಿಯಲ್ಲಿ ಬಿರುಕು ಬಿಡಬಹುದು. ಸ್ವಂತ ಗಾಡಿಯವರಿಗೆ ಆಮೇಲೆ ಉಳಿಯೋದು ಇಎಂಐ ಮಾತ್ರ! ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಮೈನಸ್ 35 ಡಿಗ್ರಿಗೂ ಹೆಪ್ಪುಗಟ್ಟಲ್ಲ.

ಡೀಸೆಲ್ ಕೂಡ ಚಳಿಗೆ ಮೇಣ ಕಟ್ಟಿ ಫಿಲ್ಟರ್ ಮುಚ್ಚಿಬಿಡುತ್ತೆ. ಲಡಾಖ್‌ಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿತು.

ಅಮೆರಿಕದಲ್ಲಿ ಕಾರ್ಪೆಟ್ ತೊಳೆಯುವ ಯಂತ್ರವನ್ನೇ ವ್ಯಾನ್‌ನಲ್ಲಿ ಕೂರಿಸಿಕೊಂಡು ಮನೆಮನೆಗೆ ಹೋಗ್ತಾರೆ. ಅವರಿಗೂ ಇದೇ ಭಯ: ರಾತ್ರಿ ವ್ಯಾನ್ ಬೆಚ್ಚಗಿನ ಗ್ಯಾರೇಜಿನಲ್ಲಿರಬೇಕು, ಇಲ್ಲವೇ ಪಂಪು, ಪೈಪುಗಳ ನೀರೆಲ್ಲ ಬಸಿದಿರಬೇಕು.

ಕೂಲೆಂಟ್ ಕ್ಯಾನ್ ಮಾತ್ರ ಕ್ಯಾಬಿನ್‌ನಲ್ಲಿ ಕುಡಿಯುವ ನೀರಿನ ಪಕ್ಕ ಬೇಡ. ರುಚಿ ಸಿಹಿ, ಆದರೆ ವಿಷ.