ಮುಟ್ಟದ ಕಾಗದ

ನಮ್ಮಪ್ಪ ಹುನಗುಂದದ ಟಪಾಲು ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ಮನೆ ಇಳಕಲ್‌ನಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಸೂಟಿಯಿದ್ದಾಗ ನಾನೂ ಜೊತೆಗೆ ಹೋಗಿ ಅವರ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಎದುರಿಗೆ ಕಟ್ಟಿಗೆಯ ಖಾನೆಗಳು. ಬಾಗಲಕೋಟೆ 587101, ಬಾದಾಮಿ 587201, ಇಳಕಲ್ 587125... ಊರ ಹೆಸರು ನಾನು ಓದಿ ಮುಗಿಸುವಷ್ಟರಲ್ಲಿ ಕಾಗದ ಖಾನೆಯಲ್ಲಿರುತ್ತಿತ್ತು. ಎಲ್ಲಕ್ಕಿಂತ ಕೆಳಗೆ ಚೀಟಿ ಅಂಟಿಸದ ಒಂದು ಖಾನೆ. ವಿಳಾಸ ತಿಳಿಯದ ಕಾಗದಗಳೆಲ್ಲ ಅಲ್ಲಿಗೆ. "ಇವನ್ನ ಒಗದ್ಬಿಡ್ತೀರೇನು?" ಅಂತ ಕೇಳಿದ್ದೆ. "ಟಪಾಲಿನ್ಯಾಗ ಒಗಿಯೂ ಖಾನಿ ಇರಂಗಿಲ್ಲೋ ತಮ್ಮಾ" ಅಂದಿದ್ದರು.

ಈ ಮಾತು ನನಗೆ ಎಷ್ಟು ತಡವಾಗಿ ಅರ್ಥವಾಯಿತು ಅನ್ನುವುದೇ ಇವತ್ತಿನ ಕತೆ.

2006ರಲ್ಲಿ ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಒಂದೇ ಪೆಟ್ಟಿಗೆ, ಅದರ ಮೇಲೆ ಲಿನಕ್ಸ್, ಸೆಂಡ್‌ಮೇಲ್, ಪ್ರಾಕ್‌ಮೇಲ್. ಸೆಂಡ್‌ಮೇಲ್ ಎಂದರೆ ಚೀಲ ಇಳಿಸಿಕೊಳ್ಳುವ ಕಚೇರಿ. ಪ್ರಾಕ್‌ಮೇಲ್ ಎಂದರೆ ಖಾನೆಗೆ ಹಾಕುವ ನಮ್ಮಪ್ಪ. ನವನಗರಕ್ಕೆ ಮನೆ ಬದಲಿಸಿದವರು ಅಂಚೆಯಣ್ಣನಿಗೆ ಹೊಸ ವಿಳಾಸ ಹೇಳಿಬಿಡುತ್ತಿದ್ದರಲ್ಲ, ಹಾಗೆ ಮೇಲ್ ಬೇರೆ ಕಡೆ ಕಳಿಸಲು ‘ಡಾಟ್ ಫಾರ್ವರ್ಡ್’ ಅನ್ನುವ ಕಡತ. ಪ್ರಾಕ್‌ಮೇಲ್ ನಿಯಮಗಳನ್ನು ಮೇಲಿನಿಂದ ಕೆಳಗೆ ಓದುತ್ತದೆ. ಯಾವ ನಿಯಮ ಮೊದಲು ಹೊಂದುತ್ತದೋ ಆ ಖಾನೆಗೆ ಪತ್ರ ಹಾಕಿ ಸುಮ್ಮನಾಗುತ್ತದೆ. ಕೆಳಗಿನ ನಿಯಮಗಳನ್ನು ಓದುವುದೂ ಇಲ್ಲ.

ಆ ವರ್ಷ ಕಸದ ಮೇಲ್‌ಗಳ ಹಾವಳಿ ನಿಮಗೂ ನೆನಪಿರಬಹುದು. ‘ಈ ಶೇರು ಕೊಳ್ಳಿ’ ಎಂದು ಚಿತ್ರದೊಳಗೆ ಬರೆದು ಕಳಿಸುತ್ತಿದ್ದರು, ಪದ ನೋಡಿ ಹಿಡಿಯುವ ಜರಡಿಗೆ ಸಿಕ್ಕುತ್ತಿರಲಿಲ್ಲ. ಕೆಲವರು ವಿಷಯದ ಸಾಲನ್ನೇ ಬೇಸ್64 ಎಂಬ ಸಂಕೇತದಲ್ಲಿ ಮುಚ್ಚಿ ಕಳಿಸುತ್ತಿದ್ದರು. ಪ್ರಾಧ್ಯಾಪಕರೊಬ್ಬರು ದಿನಾ ಬೆಳಿಗ್ಗೆ ಬಂದು "ಏನ್ರೀ, ಇವತ್ತು ನಲವತ್ತು!" ಎಂದು ಲೆಕ್ಕ ಒಪ್ಪಿಸುತ್ತಿದ್ದರು. ನನಗೂ ರೋಸಿಹೋಯಿತು. ಒಂದು ಸಂಜೆ ಎಲ್ಲರಿಗೂ ಅನ್ವಯಿಸುವ ಕಡತದಲ್ಲಿ ಒಂದು ನಿಯಮ ಬರೆದೆ. ವಿಷಯದ ಸಾಲು ಸಮಚಿಹ್ನೆ ಮತ್ತು ಪ್ರಶ್ನೆಚಿಹ್ನೆಯಿಂದ ಶುರುವಾದರೆ, ಅಂದರೆ ಸಂಕೇತದಲ್ಲಿದ್ದರೆ, ಸೀದಾ ‘ಡೆವ್ ನಲ್’ಗೆ. ಡೆವ್ ನಲ್ ಅಂದರೆ ಯುನಿಕ್ಸಿನ ತಳವಿಲ್ಲದ ಬಾವಿ. ಹಾಕಿದ್ದು ಸದ್ದೂ ಆಗುವುದಿಲ್ಲ, ತಿರುಗಿ ಬರುವುದೂ ಇಲ್ಲ.

ಮರುದಿನ ಪ್ರಾಧ್ಯಾಪಕರು "ಇವತ್ತು ಆರೇ!" ಅಂದರು. ಚಹಾ ಕುಡಿಸಿದರು.

ಅದೇ ಹೊತ್ತಿಗೆ ನಾನು ಕನ್ನಡದಲ್ಲಿ ಬ್ಲಾಗ್ ಬರೆಯಲು ಶುರು ಮಾಡಿದ್ದೆ. ಸಿಕ್ಕವರಿಗೆಲ್ಲ ಯುನಿಕೋಡ್ ಪುರಾಣ. ಅಪ್ಪನನ್ನೂ ಬಿಡಲಿಲ್ಲ. ಜಿಮೇಲ್‌ಗೆ ಆಮಂತ್ರಣ ಬೇಕಿದ್ದ ಕಾಲ, ಒಂದು ಆಮಂತ್ರಣ ಅವರಿಗೆ ಕೊಟ್ಟೆ. ಇಳಕಲ್‌ನ ಸೈಬರ್ ಕೆಫೆಯ ಹುಡುಗನಿಗೆ ಹೇಳಿ ‘ಬರಹ’ ಹಾಕಿಸಿದೆ. ನಿವೃತ್ತರಾಗಿದ್ದ ಅಪ್ಪ ಒಂದೊಂದೇ ಕೀಲಿ ಒತ್ತಿ ಕನ್ನಡ ಕಲಿತರು. ನನ್ನ ಎರಡು ವಿಳಾಸಗಳಲ್ಲಿ ಕಾಲೇಜಿನದನ್ನೇ ಬರೆದುಕೊಂಡರು. ಕಚೇರಿಯ ವಿಳಾಸವೇ ಖಾತ್ರಿ ಎಂದು ಅವರ ನಂಬಿಕೆ.

ದಸರಾ ಸೂಟಿಗೆ ಊರಿಗೆ ಹೋದೆ. ಪಡಸಾಲೆಗೆ ಕಾಲಿಟ್ಟವನಿಗೆ ಏನೋ ಬರಿದಾದಂತೆ ಅನ್ನಿಸಿತು. ಅಜ್ಜನ ಕುಣಿಮಗ್ಗ ಇರಲಿಲ್ಲ. ಕುಣಿಯ ಮೇಲೆ ಕಲ್ಲುಚಪ್ಪಡಿ ಮುಚ್ಚಿತ್ತು. ಅಜ್ಜಿ ಆ ಮಗ್ಗದ ಮುಂದೆ ಕೂತು ಸೀರೆಯ ಒಡಲಿನ ಹಾಸಿಗೆ ಸೆರಗಿನ ಕೆಂಪು ಹಾಸನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಿದ್ದಳು. ತೋಪುತೆನೆ ಅನ್ನುತ್ತಾರೆ ಅದಕ್ಕೆ. ಸೀರೆ ಸೀರೆಗೂ ಹೊಸದಾಗಿ ಜೋಡಿಸಬೇಕು. ಎಳೆ ಹಿಡಿದುಕೊಡುವುದು ನನ್ನ ಕೆಲಸವಾಗಿತ್ತು.

"ಮಗ್ಗ ಎಲ್ಲಿ?"

"ಕೊಟ್ವಿ. ನಿನಗ ಬರದಿದ್ನೆಲ್ಲಾ?"

"ಯಾವಾಗ ಬರದಿದ್ರಿ?"

ಅಪ್ಪ ನನ್ನ ಮುಖ ನೋಡಿದರು. "ಐದು ಕಾಗದಾ ಬರದೀನಿ. ಒಂದಕ್ಕೂ ಉತ್ರಾ ಇಲ್ಲ. ಕೆಲಸದಾಗ ಇದ್ದೀಯೇನೋ ಅಂದ್ಕೊಂಡೆ."

"ಫೋನಿನ್ಯಾಗ ಯಾಕ ಕೇಳಲಿಲ್ಲ ನೀವು?"

"ಬರದಿದ್ದು ಮುಟ್ಟಿತೇನಂತ ಕೇಳೂದಂದ್ರ ಟಪಾಲಿನವ್ರ ಮ್ಯಾಲೆ ನಂಬಿಕಿ ಇಲ್ಲಂದಂಗ" ಅಂದರು.

ಟಪಾಲಿನವನು ನಾನೇ ಆಗಿದ್ದೆ.

ಬಾಗಲಕೋಟೆಗೆ ಬಂದವನೇ ಪ್ರಾಕ್‌ಮೇಲ್‌ನ ದಾಖಲೆ ತೆರೆದೆ. ಬಾವಿಗೆ ಹಾಕಿದ್ದರ ಲೆಕ್ಕವನ್ನೂ ಅದು ಬರೆದಿಟ್ಟಿರುತ್ತದೆ. ಯಾರಿಂದ, ವಿಷಯವೇನು, ಎಲ್ಲಿಗೆ ಹೋಯಿತು, ಎಷ್ಟು ಬೈಟ್. ಅಪ್ಪನ ವಿಳಾಸ ಐದು ಕಡೆ ಇತ್ತು. ಐದಕ್ಕೂ ಡೆವ್ ನಲ್.

ಇಲ್ಲೊಂದು ವಿಷಯ ಹೇಳಬೇಕು. ಮೇಲ್‌ನ ತಲೆಬರಹ ಹುಟ್ಟಿದ್ದು ಬರೀ ಇಂಗ್ಲಿಷ್ ಅಕ್ಷರಗಳಿಗೆ. ಕನ್ನಡ ಅಲ್ಲಿ ದಾಟಬೇಕಾದರೆ ಸಂಕೇತದ ಬಟ್ಟೆ ಉಟ್ಟೇ ದಾಟಬೇಕಿತ್ತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಕೊಂಬು, ಒತ್ತಿನ ಗುರುತು ಮೂರು ಮೂರು ಬೈಟ್. ಬೇಸ್64 ಆ ಮೂರನ್ನು ನಾಲ್ಕು ಚಿಹ್ನೆ ಮಾಡುತ್ತದೆ. ಹಾಗಾಗಿ ಕನ್ನಡ ಅಕ್ಷರದಿಂದ ಶುರುವಾಗುವ ಸಾಲು ಸಂಕೇತದಲ್ಲಿ ಯಾವಾಗಲೂ ‘ನಾಲ್ಕು, ಎಲ್’ ಎಂದೇ ಶುರುವಾಗುತ್ತದೆ. ‘ಕ’ ಅಂದರೆ ‘ನಾಲ್ಕು, ಎಲ್, ಕೆ, ವಿ’. ಕಸ ಹಾಕುವವರು ಮುಖ ಮುಚ್ಚಿಕೊಳ್ಳಲು ಉಟ್ಟಿದ್ದೂ ಅದೇ ಬಟ್ಟೆ, ಅಪ್ಪ ಕನ್ನಡದಲ್ಲಿ ಬರೆಯಲು ಉಟ್ಟಿದ್ದೂ ಅದೇ ಬಟ್ಟೆ. ನಾನು ಬಟ್ಟೆ ನೋಡಿ ಹೊರಗೆ ಹಾಕಿದ್ದೆ. ಕನ್ನಡದಲ್ಲಿ ಬರೆಯಿರಿ ಎಂದು ಊರಿಗೆಲ್ಲ ಹೇಳಿ, ನನ್ನ ಬಾಗಿಲಿಗೇ ಕನ್ನಡ ಬರದಂತೆ ಅಗಳಿ ಹಾಕಿಕೊಂಡಿದ್ದೆ!

ಮುಂದಿನ ವಾರ ಇಳಕಲ್‌ಗೆ ಹೋಗಿ ಅಪ್ಪನ ಜೊತೆ ಸೈಬರ್ ಕೆಫೆಯಲ್ಲಿ ಕೂತೆ. ಕಳಿಸಿದ ಪತ್ರಗಳ ನಕಲು ಅವರ ಖಾತೆಯಲ್ಲಿದ್ದವು. ಮೊದಲನೆಯದರಲ್ಲಿ ಬರೀ ಆಶೀರ್ವಾದ. ಎರಡನೆಯದರಲ್ಲಿ ಬಾದಾಮಿಯ ತಂಗಿ ಬಂದುಹೋದ ಸುದ್ದಿ. ಮೂರನೆಯದರಲ್ಲಿ ಮಗ್ಗ. ಅಜ್ಜಿ ಹೋದ ಮೇಲೆ ಯಾರೂ ಕೂತಿಲ್ಲ, ಒಬ್ಬರು ಕೇಳುತ್ತಿದ್ದಾರೆ, ನಿನಗೆ ಬೇಕೆನ್ನಿಸಿದರೆ ಇಡುತ್ತೇನೆ ಎಂದಿತ್ತು. ನಾಲ್ಕನೆಯದರಲ್ಲಿ, ಹದಿನೈದು ದಿನದೊಳಗೆ ಏನೂ ಬರೆಯದಿದ್ದರೆ ಒಪ್ಪಿಗೆ ಅಂತ ತಿಳಿಯುತ್ತೇನೆ ಎಂದಿತ್ತು. ಐದನೆಯದು ಎರಡೇ ಸಾಲು. ಪತ್ರಗಳು ಸಿಕ್ಕವು. ಆ ಹದಿನೈದು ದಿನ ಸಿಗಲಿಲ್ಲ.

ಪ್ರಾಕ್‌ಮೇಲ್‌ನ ಕೈಪಿಡಿಯಲ್ಲೇ ಹೊಸಬರಿಗೆ ಒಂದು ಬುದ್ಧಿಮಾತು ಇದೆ. ಎಲ್ಲ ನಿಯಮಗಳಿಗಿಂತ ಮೇಲೆ, ಬಂದ ಕೊನೆಯ 32 ಪತ್ರಗಳ ನಕಲು ಇಟ್ಟುಕೊಳ್ಳುವ ನಿಯಮ ಹಾಕಿ ಅಂತ. ನಾನು ಅದನ್ನು ಓದಿದ್ದೆ. ಹೊಸಬ ಅಲ್ಲವಲ್ಲ ಎಂದು ದಾಟಿಸಿದ್ದೆ.

ಅವತ್ತೇ ನಿಯಮ ಬದಲಿಸಿದೆ. ಕಸ ಅಂತ ಖಾತ್ರಿ ಇದ್ದರೆ ಬಾಗಿಲಲ್ಲೇ ಬೇಡ ಅನ್ನಬೇಕು, ಆಗ ಕಳಿಸಿದವರಿಗೆ ಮುಟ್ಟಲಿಲ್ಲ ಅಂತ ಗೊತ್ತಾಗುತ್ತದೆ. ಒಮ್ಮೆ ಒಳಗೆ ತೆಗೆದುಕೊಂಡ ಮೇಲೆ ಅದರ ಹೊಣೆ ನಮ್ಮದು. 2001ರ ಮತ್ತು 2008ರ ಎಸ್‌ಎಂಟಿಪಿ ನಿಯಮಾವಳಿಗಳು ಹೇಳುವುದೂ ಇದನ್ನೇ. ಅನುಮಾನ ಇದ್ದದ್ದು ಬೇರೆ ಖಾನೆಗೆ. ಬಾವಿಗೆ ಮಾತ್ರ ಯಾವುದೂ ಇಲ್ಲ.

ಆ ಸರ್ವರ್ ಮುಚ್ಚಿ ಬಹಳ ವರ್ಷಗಳಾದವು. ಈಗ ನನ್ನದೇ ಪುಟ್ಟ ಸರ್ವರ್‌ನಲ್ಲಿ ಡವ್‌ಕಾಟ್ ಇದೆ, ನಿಯಮಗಳನ್ನು ಸೀವ್ ಭಾಷೆಯಲ್ಲಿ ಬರೆಯುತ್ತೇನೆ. ಎಲ್ಲ ಖಾನೆಗಳಿಗೂ ಹೆಸರಿದೆ, ಕೊನೆಯದಕ್ಕೆ ‘ಹುನಗುಂದ’ ಅಂತ ಇಟ್ಟಿದ್ದೇನೆ. ಪ್ರತಿ ಶನಿವಾರ ಅದನ್ನು ತೆರೆದು ಒಂದೊಂದೇ ನೋಡುತ್ತೇನೆ. ಹೆಚ್ಚಾಗಿ ಕಸವೇ. ಹೋದ ತಿಂಗಳು ಮಾತ್ರ ಅದರ ನಡುವೆ ಒಂದು ಕನ್ನಡದ ಕಾಗದ ಇತ್ತು. ಬಾದಾಮಿಯಿಂದ, ತಂಗಿಯ ಮಗಳದು. ಅವತ್ತೇ ಉತ್ತರ ಬರೆದೆ.