ಎಂಟು ಸೆಲ್ಲುಗಳ ಹಂತಿ

ಗಜೇಂದ್ರಗಡದ ಗುಡ್ಡದ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರಗಳು ತಿರುಗುತ್ತಿರುತ್ತವೆ. ಕೆಳಗಿನ ಊರಿನಲ್ಲಿ ಕರೆಂಟು ಹೋಗುವುದು ಮಾತ್ರ ತಪ್ಪಿಲ್ಲ. ಆ ಊರಿನ ದರ್ಜಿಯೊಬ್ಬರು ಕಳೆದ ವರ್ಷ ಸಾಲ ಮಾಡಿ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿದರು. ಒಳಗೆ ಲಿಥಿಯಂ ಬ್ಯಾಟರಿ ಕೂಡಿಸಿದರು. ಕಾರಣ ಎರಡು: ಲಗ್ನದ ದಿನಗಳ ರಾತ್ರಿ ಹೊಲಿಗೆ, ಮತ್ತು ಪಿಯುಸಿ ಎರಡನೇ ವರ್ಷದಲ್ಲಿದ್ದ ಮಗಳ ಓದು.

ಬ್ಯಾಟರಿ ಎಂದರೆ ಎಂಟು ಸೆಲ್ಲುಗಳ ಸರಣಿ ಜೋಡಣೆ. ಒಂದೊಂದು 3.2 ವೋಲ್ಟ್, 100 ಆಂಪಿಯರ್-ಅವರ್. ಒಟ್ಟು 25.6 ವೋಲ್ಟ್, ಹೆಚ್ಚುಕಡಿಮೆ ಎರಡೂವರೆ ಯುನಿಟ್ ವಿದ್ಯುತ್ತು. ಎರಡು ತಿಂಗಳು ಎಲ್ಲವೂ ಸುಸೂತ್ರ. ಆಮೇಲೆ ಒಂದು ರಾತ್ರಿ ಇನ್ವರ್ಟರಿನ ಪರದೆ ಇನ್ನೂ ಶೇ. 40 ಉಳಿದಿದೆ ಎನ್ನುತ್ತಿರುವಾಗಲೇ ಮನೆ ಕತ್ತಲಾಯಿತು. ಮರುದಿನ ಬಿಸಿಲು ಏರುವ ಮೊದಲೇ, ಹತ್ತೂವರೆಗೆಲ್ಲ, ಬ್ಯಾಟರಿ ತುಂಬಿತೆಂದು ಚಾರ್ಜಿಂಗ್ ನಿಂತಿತು. ದಿನವೂ ಇದೇ ಆಟ.

‘ಎರಡು ಸೆಲ್ ಹೋಗ್ಯಾವ್ರೀ, ಹೊಸಾವ ಹಾಕಬೇಕು’ ಎಂದು ಕೂಡಿಸಿದವನು ಹೇಳಿಹೋದ. ಹಳೆಯ ಸಾಲದ ಕಂತೇ ಮುಗಿದಿರಲಿಲ್ಲ. ಪರೀಕ್ಷೆಗೆ ಉಳಿದದ್ದು ಆರು ವಾರ.

ಮಗಳು ಮಲ್ಟಿಮೀಟರ್ ತಂದು ಮಧ್ಯಾಹ್ನ ಎಂಟನ್ನೂ ಅಳೆದಳು. ಎಲ್ಲವೂ 3.29ರಿಂದ 3.33 ವೋಲ್ಟಿನೊಳಗೆ. ‘ಅಪ್ಪಾ, ಎಲ್ಲಾ ಒಂದ ಅದಾವಲ್ಲ!’ ಎಂದಳು. ಮೋಸವಿರುವುದು ಇಲ್ಲಿಯೇ. ಇದು ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ ಸೆಲ್. ಇದನ್ನು ಲೋಕಕ್ಕೆ ತೋರಿಸಿದ ಪ್ರಬಂಧ ಟೆಕ್ಸಾಸ್ ವಿಶ್ವವಿದ್ಯಾಲಯದಿಂದ ಬಂದದ್ದು 1997ರಲ್ಲಿ, ಗದಗ ಪ್ರತ್ಯೇಕ ಜಿಲ್ಲೆಯಾದ ವರ್ಷವೇ. ಬರೆದವರು ಮೂವರು: ಪಾಧಿ, ನಂಜುಂಡಸ್ವಾಮಿ ಮತ್ತು ಗುಡೆನಫ್. ಕೊನೆಯವರಿಗೆ 2019ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ ನೊಬೆಲ್ ಪಾಲು ಸಿಕ್ಕಿತು. ಈ ಸೆಲ್ಲಿನ ಗುಣವೆಂದರೆ, ಕಾಲುಭಾಗ ತುಂಬಿರಲಿ, ಮುಕ್ಕಾಲು ತುಂಬಿರಲಿ, ವೋಲ್ಟೇಜು ಬಹುತೇಕ ಕದಲುವುದಿಲ್ಲ. ತುದಿಗೆ ಬಂದಾಗ ಮಾತ್ರ ಧಡಕ್ಕನೆ ಏರುತ್ತದೆ. ತಳಕ್ಕೆ ಬಂದಾಗ ಧಡಕ್ಕನೆ ಇಳಿಯುತ್ತದೆ. ಆದ್ದರಿಂದ ಅಳೆಯಬೇಕಾದದ್ದು ಮಧ್ಯಾಹ್ನವಲ್ಲ, ತುಂಬುವ ಗಳಿಗೆಯಲ್ಲಿ ಮತ್ತು ಮುಗಿಯುವ ಗಳಿಗೆಯಲ್ಲಿ.

ಹಾಗೆಯೇ ಅಳೆದಳು. ಬೆಳಿಗ್ಗೆ ಮೂರನೆಯ ಸೆಲ್ 3.65ಕ್ಕೆ ಜಿಗಿಯಿತು, ಉಳಿದವು ಇನ್ನೂ ಕೆಳಗೇ ಇದ್ದವು. ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಒಡನೆ ಚಾರ್ಜಿಂಗ್ ಕಡಿಯಿತು. ರಾತ್ರಿ ಆರನೆಯದು 2.5ಕ್ಕೆ ಕುಸಿಯಿತು, ಮತ್ತೆ ಕಡಿಯಿತು.

ಅವಳಿಗೆ ನರಗುಂದದ ಅಜ್ಜ ಹೇಳುತ್ತಿದ್ದ ಹಂತಿಯ ನೆನಪಾಯಿತು. ಕಣದಲ್ಲಿ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಒಂದು ನಿಂತರೆ ಹಂತಿಯೇ ನಿಂತಂತೆ. ಆದರೆ ಇಲ್ಲಿ ಬೆಳಿಗ್ಗೆ ನಿಲ್ಲಿಸಿದ ಎತ್ತು ಬೇರೆ, ರಾತ್ರಿ ನಿಲ್ಲಿಸಿದ ಎತ್ತು ಬೇರೆ! ಸೆಲ್ ನಿಜವಾಗಿ ಕೆಟ್ಟು ಒಳಗಿನ ಜಾಗವೇ ಕುಗ್ಗಿದ್ದರೆ, ಮೊದಲು ತುಂಬುವುದೂ ಅದೇ, ಮೊದಲು ಬರಿದಾಗುವುದೂ ಅದೇ ಆಗಬೇಕಿತ್ತು. ಮೂರನೆಯದು ಮುಂದಿತ್ತು, ಆರನೆಯದು ಹಿಂದಿತ್ತು, ಅಷ್ಟೇ. ಕೂಡಿಸುವಾಗ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಿರಲಿಲ್ಲ. ಮೇಲೆ, ಆರನೆಯದು ಪಡುವಣ ಗೋಡೆಯ ಕಾವಿಗೆ ತಾಗಿಕೊಂಡಿತ್ತು.

ಬಿಎಂಎಸ್ ತಾನೇ ಸರಿಮಾಡಬಾರದೇ? ಮಾಡುತ್ತದೆ, ಮುಂದಿರುವ ಸೆಲ್ಲಿನ ಹೆಚ್ಚುವರಿಯನ್ನು ಸಣ್ಣ ರೆಸಿಸ್ಟರಿನಲ್ಲಿ ಸುಟ್ಟು. ಇವರದು ಸುಡುತ್ತಿದ್ದುದು 50 ಮಿಲಿಆಂಪಿಯರ್. ಎರಡು ಸೆಲ್ಲುಗಳ ಅಂತರ ಸುಮಾರು 40 ಆಂಪಿಯರ್-ಅವರ್. ಅಂದರೆ 800 ತಾಸು. ಆ ಕೆಲಸ ನಡೆಯುವುದು ತುಂಬುವ ತುದಿಯಲ್ಲಿ ಮಾತ್ರ, ದಿನಕ್ಕೆ ಹೆಚ್ಚೆಂದರೆ ಒಂದು ತಾಸು. ಎರಡು ವರ್ಷಕ್ಕೂ ಮಿಕ್ಕಿ ಕಾಯಬೇಕು!

‘ನೀ ಮುಟ್ಟಬ್ಯಾಡವ್ವಾ’ ಎಂದು ಅಪ್ಪ ರೋಣದಿಂದ ಬಲ್ಲ ಮಿಸ್ತ್ರಿಯನ್ನು ಕರೆಸಿದರು. ಒಳ್ಳೆಯದೇ ಮಾಡಿದರು. 25 ವೋಲ್ಟು ಮೈಗೆ ಹೊಡೆಯಲಿಕ್ಕಿಲ್ಲ, ಆದರೆ ಪಾನಾ ಜಾರಿ ಎರಡು ತುದಿಗೆ ತಗಲಿದರೆ ನೂರಾರು ಆಂಪಿಯರ್ ಹರಿದು ಕಬ್ಬಿಣವೇ ಕೆಂಪಾಗುತ್ತದೆ. ಮಿಸ್ತ್ರಿ ಬೆರಳಿನ ಉಂಗುರ ತೆಗೆದಿಟ್ಟು, ಪಾನಾಕ್ಕೆ ಟೇಪು ಸುತ್ತಿ, ಪ್ಲೇಟು-ಇನ್ವರ್ಟರ್ ಎರಡನ್ನೂ ಬಿಡಿಸಿದರು. ಆರನೆಯ ಸೆಲ್ಲಿಗೆ ಮೊದಲು ಮೂರು ತಾಸು ಬೇರೆಯಾಗಿ ಚಾರ್ಜು. ಬಳಿಕ ಎಂಟನ್ನೂ ಸಮಾಂತರವಾಗಿ ಜೋಡಿಸಿ, 3.6 ವೋಲ್ಟಿಗೆ ನಿಲ್ಲಿಸಿದ ಚಾರ್ಜರಿಗೆ ಕೊಟ್ಟರು. ಅಂದು ರಾತ್ರಿ ಕರೆಂಟು ಹೋಗಲಿಲ್ಲ ಎಂಬುದೇ ದೊಡ್ಡದು. ದರ್ಜಿ ಪಕ್ಕದಲ್ಲೇ ಕುಳಿತು ಹನ್ನೊಂದು ಕುಪ್ಪಸ ಹೊಲಿದು ಮುಗಿಸಿದರು. ಬೆಳಗಿನ ಜಾವ ಚಾರ್ಜರಿನ ಮುಳ್ಳು ಸೊನ್ನೆಯ ಹತ್ತಿರ ಬಂದಿತ್ತು.

ಸೆಲ್ಲುಗಳನ್ನು ಮತ್ತೆ ಸರಣಿಯಲ್ಲಿ ಕಟ್ಟಿ, ಪೆಟ್ಟಿಗೆಯನ್ನು ನೆರಳಿನ ಗೋಡೆಗೆ ಸರಿಸಿದರು. ಹೊಸ ಸೆಲ್ ಒಂದೂ ಬೇಕಾಗಲಿಲ್ಲ. ಈಗ ಪ್ರತಿ ರವಿವಾರ, ಬ್ಯಾಟರಿ ತುಂಬುವ ಹೊತ್ತಿಗೆ, ಮಗಳು ಎಂಟು ಅಂಕಿಗಳನ್ನು ಅಪ್ಪನ ಅಳತೆ ಪುಸ್ತಕದಲ್ಲಿ ಬರೆಯುತ್ತಾಳೆ. ಎದೆ, ತೋಳು, ಉದ್ದಗಳ ನಡುವೆ ಮೊನ್ನೆಯ ಸಾಲು ಹೀಗಿತ್ತು: ಮೂರನೆಯದು 3.47, ಆರನೆಯದು 3.45.