ಬಾಲಪಾಠ

ಮನೆಯಲ್ಲಿ ವಿಮಾನ ಕಟ್ಟುವವರು ಸಾಮಾನ್ಯವಾಗಿ ಬಾಲದಿಂದ ಶುರುಮಾಡುತ್ತಾರೆ. ಬಾಲ ಚಿಕ್ಕದು, ಮೇಜಿನ ಮೇಲೆ ಹಿಡಿಸುತ್ತದೆ. ಕಿಟ್ ಮಾರುವವರೂ ಎಷ್ಟೋ ಸಲ ಅದನ್ನೇ ಬೇರೆ ಪೆಟ್ಟಿಗೆಯಲ್ಲಿ ಮೊದಲು ಕಳಿಸುತ್ತಾರೆ. ಹುಮ್ಮಸ್ಸು ಇಳಿದರೆ ನಷ್ಟವೂ ಬಾಲದಷ್ಟೇ. ಅಮೆರಿಕದ ಗ್ಯಾರೇಜುಗಳಲ್ಲಿ ಬಾಲ ಮಾತ್ರ ಇರುವ ವಿಮಾನಗಳು ಬೇಕಾದಷ್ಟಿವೆ. ಅವುಗಳ ಯಜಮಾನರನ್ನು ಕೇಳಿ ನೋಡಿ, ಕೈಬಿಟ್ಟೆ ಎಂದು ಯಾರೂ ಹೇಳುವುದಿಲ್ಲ. ‘ಕೆಲಸ ನಡೀತಾ ಇದೆ’ ಎನ್ನುತ್ತಾರೆ. ‘ತೊಂಬತ್ತು ಪರ್ಸೆಂಟ್ ಮುಗೀತು, ಇನ್ನು ತೊಂಬತ್ತು ಬಾಕಿ’ ಎನ್ನುವುದು ಈ ಪಂಗಡದ ಹಳೆಯ ನಗೆಮಾತು.

ನಮ್ಮ ಮನೆ ಇರುವುದು ಮಿಲ್ವಾಕೀ ಹೊರವಲಯದಲ್ಲಿ. ಇಲ್ಲಿ ನಿವೃತ್ತರಾದ ಗಂಡಸರು ಮೀನು ಹಿಡಿಯುತ್ತಾರೆ, ಇಲ್ಲವೇ ಗಾಲ್ಫ್ ಆಡುತ್ತಾರೆ. ಎರಡಕ್ಕೂ ಸೇರದವರ ಗತಿ ಏನೆಂದು 1953ರಲ್ಲೇ ಯೋಚಿಸಿದವರು ಪಾಲ್ ಪೊಬೆರೆಜ್ನಿ. ವಿಮಾನದ ಹುಚ್ಚು ಹಿಡಿದವರನ್ನು ಇದೇ ಊರಿನಲ್ಲಿ ಕಲೆಹಾಕಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿದರು. ಈಗ ಪ್ರತಿ ವರ್ಷ ಜುಲೈ ಕೊನೆಯಲ್ಲಿ ಆಶ್‌ಕಾಶ್‌ನಲ್ಲಿ ಅದರ ಜಾತ್ರೆ. ತಾವೇ ಕಟ್ಟಿದ ವಿಮಾನದ ರೆಕ್ಕೆಯಡಿ ಗುಡಾರ ಹಾಕಿ ಮಲಗಿದ ಮುದುಕರನ್ನು ಅಲ್ಲಿ ನೋಡಿದೆ. ಮನೆಗೆ ಬಂದವನೇ ಪೆಟ್ಟಿಗೆಗೆ ದುಡ್ಡು ಕಟ್ಟಿದೆ.

ಪೆಟ್ಟಿಗೆ ಬಿಚ್ಚಿದಾಗ ವಿಮಾನದ ಸುಳಿವೇ ಇರಲಿಲ್ಲ. ಕಾಲಿಂಚು ದಪ್ಪದ ಸ್ಪ್ರೂಸ್ ಮರದ ಪಟ್ಟಿಗಳು, ತೆಳ್ಳನೆಯ ಬರ್ಚ್ ಪ್ಲೈವುಡ್, ಎಪಾಕ್ಸಿ ಅಂಟಿನ ಎರಡು ಬಾಟಲಿ, ಸುತ್ತಿಟ್ಟ ನಕ್ಷೆ.

“ರೀ, ಇಷ್ಟಕ್ಕಾ ಕಾರನ್ನ ಹಿಮದಲ್ಲಿ ನಿಲ್ಲಿಸಿದ್ದು?” ಎಂದಳು ನಮ್ಮವಳು.

ಮಟ್ಟಸವಾದ ಹಲಗೆಯ ಮೇಲೆ ನಕ್ಷೆ ಹರಡಿ, ಅದರ ಮೇಲೆ ಮೇಣದ ಕಾಗದ ಹಾಸಬೇಕು. ಇಲ್ಲದಿದ್ದರೆ ಬಾಲದ ಜೊತೆ ಹಲಗೆಯೂ ಹಾರಬೇಕಾಗುತ್ತದೆ. ಗೆರೆಗಳ ಅಕ್ಕಪಕ್ಕ ಮರದ ಚೂರುಗಳನ್ನು ಮೊಳೆ ಹೊಡೆದು ನಿಲ್ಲಿಸಿ, ನಡುವೆ ಸ್ಪಾರ್ ಮತ್ತು ಅಂಚಿನ ಪಟ್ಟಿಗಳನ್ನು ಕೂರಿಸಿ, ರಿಬ್‌ಗಳನ್ನು ಒಂದೊಂದಾಗಿ ಕೊಯ್ದು ಅಡ್ಡಕ್ಕೆ ಇಡುತ್ತಾ ಹೋಗಬೇಕು. ಉಪ್ಪುಕಾಗದದಲ್ಲಿ ಉಜ್ಜೀ ಉಜ್ಜೀ, ರಿಬ್ಬು ಅಂಟಿಲ್ಲದೆಯೇ ಸಂದಿನಲ್ಲಿ ನಿಲ್ಲುವಂತಾದ ಮೇಲೆ ಬಾಟಲಿ ಮುಟ್ಟಬಹುದು. ಪಟ್ಟಿಯ ಕೊಯ್ದ ತುದಿ ಅಂಟನ್ನು ಹೀರಿಬಿಡುತ್ತದೆ. ಮೊದಲು ಅದಕ್ಕೆ ಕುಡಿಯುವಷ್ಟು ಕುಡಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಳಿಯಬೇಕು. ಮೂಲೆಮೂಲೆಗೂ ಪ್ಲೈವುಡ್ಡಿನ ಗಸೆಟ್ ಕೂರಿಸಬೇಕು. ಕ್ಲಾಂಪನ್ನು ಪೌರುಷದಿಂದ ತಿರುಗಿಸಿದರೆ ಅಂಟೆಲ್ಲ ಹೊರಕ್ಕೆ ಹರಿದು ಸಂದು ಉಪವಾಸ ಬೀಳುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಿಡಿತ ಇಲ್ಲಿ ಹದವಾಗಿರುತ್ತದೆ. ನೆಲಮಾಳಿಗೆಯ ಹಗ್ಗದ ಮೇಲಿನ ಸೀರೆಗಳು ಈಗ ದೇವರ ಮೇಲೆ ಭಾರ ಹಾಕಿ ನೇತಾಡುತ್ತಿವೆ.

ಅಡುಗೆಮನೆಯ ತಕ್ಕಡಿಯೂ ಗ್ಯಾರೇಜಿಗೆ ಬಂದಿದೆ. ಬಾಲ ವಿಮಾನದ ತೂಕದ ಕೇಂದ್ರದಿಂದ ಬಹಳ ದೂರ. ಅಲ್ಲಿ ಹೆಚ್ಚಿದ ತೂಕಕ್ಕೆ ಮೂಗಿನ ಕಡೆ ಅದರ ಕೆಲವು ಪಟ್ಟು ಹೇರಿ ಸರಿದೂಗಿಸಬೇಕಾಗುತ್ತದೆ. ಹಾಗಾಗಿ ಅಂಟಿನ ಒಂದು ಹನಿಯೂ ಲೆಕ್ಕವೇ. ಒಂದೇ ಸಲ ಹೆಚ್ಚು ಕಲಸೋಣವೆಂದರೆ ಲೋಟದಲ್ಲೇ ಬಿಸಿಯೇರಿ ಕಲ್ಲಾಗುತ್ತದೆ. ಸಂಜೆಗೆ ಸ್ವಲ್ಪ ಕಲಸು, ಸ್ವಲ್ಪ ಹಚ್ಚು, ಕೈ ತೊಳೆದು ಊಟಕ್ಕೆ ಏಳು. ಹೀಗೆ ಕಲಸಿದಾಗಲೆಲ್ಲ ಎರಡು ಬೇಡದ ಚೂರುಗಳನ್ನೂ ಅಂಟಿಸಿಟ್ಟು, ಒಣಗಿದ ಮೇಲೆ ಮುರಿದು ನೋಡಬೇಕು. ಮರ ಸೀಳಿದರೆ ಪಾಸು, ಅಂಟು ಬಿಟ್ಟರೆ ಫೇಲು. ತಾರೀಖು ಬರೆದ ಮುರುಕು ಚೂರುಗಳೇ ನನ್ನ ಕಪಾಟಿನಲ್ಲಿ ಒಂದು ಸಾಲು ಇವೆ. “ಮುರಿಯೋದಕ್ಕೇ ಅಂಟಿಸೋರನ್ನ ನಿಮ್ಮನ್ನೇ ನೋಡಿದ್ದು” ಎನ್ನುತ್ತಾಳೆ ಅವಳು.

ಸಂಘದ ಸಲಹೆಗಾರರೊಬ್ಬರು ಆಗಾಗ ಬಂದು ಸಂದುಗಳ ಮೇಲೆ ಟಾರ್ಚ್ ಬಿಟ್ಟು ನೋಡುತ್ತಾರೆ. ಫೀಸಿಲ್ಲ, ಕಾಫಿ ಸಾಕು. ಹಿಂದೆ ಹಸು ಸಾಕಿ ಹಾಲು ಮಾರುತ್ತಿದ್ದವರು. ಒಂದು ಕಾಲದಲ್ಲಿ ವಿಮಾನಗಳನ್ನು ಅಂಟಿಸುತ್ತಿದ್ದುದೇ ಹಾಲಿನಿಂದ ಎಂದು ಹೇಳುವಾಗ ಅವರಿಗೊಂದು ಗತ್ತು ಬರುತ್ತದೆ. ಮಾತು ನಿಜ. ಹಾಲೊಡೆದು ತೆಗೆದ ಕೇಸೀನನ್ನು ಸುಣ್ಣದೊಂದಿಗೆ ಕಲಸಿದರೆ ಗಟ್ಟಿ ಅಂಟಾಗುತ್ತದೆ. ಎರಡನೆಯ ಮಹಾಯುದ್ಧದ ಮರದ ಮಾಸ್ಕಿಟೊ ವಿಮಾನಗಳು ಮೊದಮೊದಲು ಅದರಿಂದಲೇ ನಿಂತಿದ್ದವು. ಸೆಕೆ, ತೇವ ಸೇರಿದರೆ ಅದಕ್ಕೆ ಬೂಷ್ಟು ಹಿಡಿಯುತ್ತದೆಂದು ಆಮೇಲೆ ಫಾರ್ಮಾಲ್ಡಿಹೈಡ್ ಅಂಟಿಗೆ ಬದಲಾಯಿಸಿದರು. ಇದನ್ನು ಕೇಳಿದ ದಿನ ಮನೆಯಲ್ಲಿ ಹಾಲು ಒಡೆಯಿತು. “ತಗೊಳ್ಳಿ, ರೆಕ್ಕೆಗಾಯ್ತು” ಎಂದು ಪಾತ್ರೆಯನ್ನು ನನ್ನ ಮುಂದೆ ಕುಕ್ಕಿದಳು.

ಅಂಟು ಒಣಗುವವರೆಗೆ ಮಾಡಲು ಏನೂ ಇರುವುದಿಲ್ಲ. ಆಗ ಅಪ್ಪ ನೆನಪಾಗುತ್ತಾರೆ. ಅಪ್ಪ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಫಿಟ್ಟರ್. ಆ ಕಾರ್ಖಾನೆ ಹುಟ್ಟಿದ್ದು 1940ರಲ್ಲಿ. ಮರುವರ್ಷ ಅಲ್ಲಿಂದ ಹಾರಿದ ಹಾರ್ಲೋ ತರಬೇತಿ ವಿಮಾನ ಅಮೆರಿಕದಿಂದ ಬಿಡಿಭಾಗಗಳಾಗಿ ಬಂದು ಬೆಂಗಳೂರಿನಲ್ಲಿ ಜೋಡಣೆಯಾದದ್ದು. ಅಪ್ಪನ ಕಾಲಕ್ಕೆ, 1958ರಲ್ಲಿ ಮೊದಲು ಹಾರಿದ ಪುಷ್ಪಕ್ ಬಂದಿತ್ತು. ಎರಡು ಸೀಟು, ಮೈಗೆಲ್ಲ ಬಟ್ಟೆ. ಬಟ್ಟೆಗೆ ಬಳಿಯುವ ಡೋಪಿನ ವಾಸನೆಯನ್ನು ಅಪ್ಪ ಸಂಜೆ ಅಂಗಿಯಲ್ಲೇ ಮನೆಗೆ ತರುತ್ತಿದ್ದರು. ಅವರು ಮುಟ್ಟಿದ ವಿಮಾನಗಳು ಎಷ್ಟೋ ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹಾರಿದವು. ಅವರು ಮಾತ್ರ ಒಂದರಲ್ಲೂ ಕೂತವರಲ್ಲ. ಬೇಜಾರಾಗಲ್ವಾ ಅಪ್ಪ ಎಂದು ಕೇಳಿದ್ದೆ. “ವಿಗ್ರಹ ಕೆತ್ತಿದವನು ಗರ್ಭಗುಡೀಲಿ ಹೋಗಿ ಕೂತ್ಕೋತಾನೇನೋ?” ಎಂದಿದ್ದರು.

ಚಳಿಗೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ. ಅಕ್ಟೋಬರಿನಲ್ಲಿ ಗ್ಯಾರೇಜು ತಣ್ಣಗಾದಾಗ ಬಾಲದ ಎಲಿವೇಟರನ್ನು ಹಾಲ್‌ಗೆ ತಂದೆ. ಅಲ್ಲಿ ದಸರಾ ಗೊಂಬೆ ಕೂತಿತ್ತು. ಜಾಗವಿದ್ದದ್ದು ಕೆಳಗಿನ ಮೆಟ್ಟಿಲಲ್ಲಿ, ಶೆಟ್ಟಿ ಅಂಗಡಿಯ ಪಕ್ಕ. ಆಯುಧಪೂಜೆಗೆ ಕ್ಲಾಂಪುಗಳಿಗೆಲ್ಲ ಕುಂಕುಮ ಬಿತ್ತು. ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಕನ್ನಡ ಕೂಟದ ಹೆಂಗಸರಲ್ಲಿ ಒಬ್ಬರು, “ಇದೇನ್ರೀ, ಏಣೀನಾ?” ಎಂದರು. ನಾನು ಬಾಯಿ ತೆರೆಯುವ ಮೊದಲೇ, “ಅಲ್ಲಾರೀ, ನಮ್ಮನೆಯವರ ವಿಮಾನದ್ದು” ಎಂದುಬಿಟ್ಟಳು. ಆ ದನಿಯನ್ನು ನಾನು ಬಹಳ ವರ್ಷಗಳಿಂದ ಕೇಳಿರಲಿಲ್ಲ. ಮತ್ತೊಮ್ಮೆ ಕೇಳಿಸುವ ಆಸೆಯಿಂದ ರಡರನ್ನೂ ತಂದಿಟ್ಟೆ. ಕೇಳಿಸಲಿಲ್ಲ.

ಮುಗಿದ ದಿನ ವಿಮಾನದೊಳಗೆ ಒಂದು ಫಲಕ ಅಂಟಿಸುವುದು ಕಾನೂನು: ಇದು ಹವ್ಯಾಸಿ ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷತಾ ನಿಯಮಗಳಿಗೆ ಒಳಪಟ್ಟಿಲ್ಲ ಎಂದು ಪ್ರಯಾಣಿಕರಿಗೆ ಎಚ್ಚರಿಕೆ. “ನಮ್ಮ ಮದುವೆ ಮಂಟಪದಲ್ಲೂ ಇಂಥದ್ದೊಂದು ಅಂಟಿಸಬೇಕಿತ್ತು” ಎಂದಳು. ಕಟ್ಟಿದವನಿಗೆ ಸರ್ಕಾರ ರಿಪೇರ್‌ಮನ್ ಸರ್ಟಿಫಿಕೇಟನ್ನೂ ಕೊಡುತ್ತದೆ. ಅದಿದ್ದರೆ ತನ್ನ ವಿಮಾನದ ವಾರ್ಷಿಕ ತಪಾಸಣೆಯನ್ನು ತಾನೇ ಮಾಡಬಹುದು. ಆ ಹೊತ್ತಿಗೆ ನನ್ನ ಕಣ್ಣು, ರಕ್ತದೊತ್ತಡ ಹಾರಲು ಬಿಡುತ್ತವೋ ಇಲ್ಲವೋ. ಬಿಡದಿದ್ದರೆ ಯಾರೋ ಹುಡುಗ ಹಾರಿಸುತ್ತಾನೆ, ನಾನು ಕೆಳಗೆ ನಿಂತು ಸಂದು ನೋಡುತ್ತೇನೆ. ಫಿಟ್ಟರನ ಮಗನಿಗೆ ಅದೇನೂ ಕಡಿಮೆ ಪದವಿಯಲ್ಲ.

ರೆಕ್ಕೆಗಳ ಪೆಟ್ಟಿಗೆಗೂ ದುಡ್ಡು ಕಟ್ಟಿದ್ದೇನೆ. ಬೈಸಿಕೊಳ್ಳಲು ಸಿದ್ಧನಾಗಿಯೇ ವಿಷಯ ತಿಳಿಸಿದೆ. ನಮ್ಮವಳು ಏನೂ ಹೇಳದೆ ಟೇಪು ತಂದು ಹಾಲನ್ನು ಉದ್ದಕ್ಕೆ ಅಳೆದಳು, ಮೂಲೆಯಿಂದ ಮೂಲೆಗೂ ಅಳೆದಳು. “ದಸರಾ ಹೊತ್ತಿಗೆ ಬರೋದಾದ್ರೆ ಈಗಲೇ ಹೇಳ್ರೀ, ಸೋಫಾ ಮಾರಬೇಕು” ಎಂದಳು.